ಒಂದೇ ಸೀಟಿಗೆ ಎರಡು ದಸ್ತಿ

"ಹೆಸರು ಬದಲಾತ್ರಿ ಮೇಡಂ. ನನ್ನ ಕಣ್ಣ ಮುಂದೇ ಬದಲಾತು. ಖುದಾ ಕಸಂ, ನಾ ಸುಳ್ಳ ಹೇಳಾಕತ್ತಿಲ್ಲ."

ಲಾಕಪ್ಪಿನ ಸರಳು ಹಿಡಿದು ನಿಂತ ಖಾಜಾಹುಸೇನ ಇದನ್ನೇ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡಿದ್ದ. ಪಿಎಸ್‌ಐ ಸುಮಂಗಲಾ ಸರಳಿನ ಈಚೆ ಸ್ಟೂಲು ಎಳೆದುಕೊಂಡು ಕೂತಿದ್ದಳು. ವನದುರ್ಗದ ದೇವಿಂದ್ರನಿಗೆ ಹೊಲದಲ್ಲಿ ಕೊಳಕಮಂಡಲ ಹಾವು ಕಡಿದಿತ್ತು; ಅವನಿಗೆಂದು ಮಂಜೂರಾದ ಔಷಧದ ಬಾಕ್ಸನ್ನು ಹಳ್ಳಿ ದವಾಖಾನೆಗಳನ್ನು ನಡೆಸುವ ಟ್ರಸ್ಟಿನ ವ್ಯಾನ್ ಓಡಿಸುವ ಈ ಖಾಜಾಹುಸೇನ ಸಗರಕ್ಕೆ ಒಯ್ದಿದ್ದ; ಅತ್ತ ದೇವಿಂದ್ರ ಕಾಯುತ್ತಲೇ ಸತ್ತುಹೋದ. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು.

"ಮೊದಲ ಸ್ಕ್ರೀನಿನ ಮ್ಯಾಲ ಏನಿತ್ತು?"

"ವನದುರ್ಗ ಅಂತಿತ್ರಿ. ಗಾಡಿ ತಿರುವಿದೆ. ಜರಾ ಮುಂದ ಹೋಗೂದ್ರಾಗ ಫೋನ್ ಟಿಣ್ ಅಂತು. ನೋಡ್ತೀನಿ, ಸಗರ ಅಂತದ. ವನದುರ್ಗದವ್ರು ಬ್ಯಾಡ ಅಂದಿರಬೇಕು ಅನ್ಕೊಂಡೆ. ಸ್ಕ್ರೀನ್ ಹೇಳಿದಲ್ಲಿಗಿ ಹೋಗೂದು ನನ್ನ ಕೆಲಸ ಹೌದಲ್ರಿ?"

"ಸಗರದಾಗ ನಿನ್ನ ಬೀಗರು ಅದಾರ."

"ಅದಾರ್ರಿ."

"ಔಷಧ ತಗೊಂಡು ಉಳಕೊಂಡ ಸಾಯಬಮ್ಮನ ಮನಿ, ನಿನ್ನ ಬೀಗರ ಮನಿ ಗ್ವಾಡಿಗೇ ಹತ್ಯದ."

"ಅದೂ ಖರೇನ್ರಿ." ಖಾಜಾಹುಸೇನ ಹಣೆಯನ್ನು ಸರಳಿಗೆ ಒತ್ತಿದ. "ನಮ್ಮ ಬೀಗರ ಓಣ್ಯಾಗ ಯಾರಿಗೂ ಕಡೀಬ್ಯಾಡ ಅಂತ ನಾ ಹಾವಿಗಿ ಹೇಳಾಕ ಬರ್ತದೇನ್ರಿ ಮೇಡಂ?"

ಮೂಲೆಯಲ್ಲಿದ್ದ ಪೇದೆ ವಿಶ್ವರಾಧ್ಯ ನಗು ತಡೆದುಕೊಂಡ. ಸುಮಂಗಲಾಗೆ ನಗು ಬರಲಿಲ್ಲ. ಸಂಜೆಯೊಳಗೆ ಇವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಿಪಿಐ ಸಾಹೇಬರ ಹುಕುಂ ಆಗಿತ್ತು. ನಿಲ್ಲಿಸಿದರೆ ಜೈಲು ಖಾತ್ರಿ. ಬಾಕ್ಸ್ ಮಾರಿಕೊಂಡ ಎಂದು ಒಬ್ಬ, ಬೀಗರಿಗೆ ಉಪಕಾರ ಮಾಡಿದ ಎಂದು ಇನ್ನೊಬ್ಬ, ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಠಾಣೆಯ ಬೇವಿನ ಗಿಡದ ಕೆಳಗೆ ಅವನ ಹೆಂಡತಿ ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಬುತ್ತಿಯನ್ನು ಅವನು ಮುಟ್ಟಿರಲಿಲ್ಲ.

ಇನ್ನೊಂದು ಕಡೆ ಫಿರ್ಯಾದಿ ರೇಣುಕಾದೇವಿ. ವನದುರ್ಗದ ಟ್ರಸ್ಟ್ ದವಾಖಾನೆಯ ನರ್ಸು, ದೇವಿಂದ್ರನ ಒಡಹುಟ್ಟಿದ ಅಕ್ಕ. ದೂರು ಕೊಡಲು ಬಂದ ದಿನ ಅವಳು ಅಳಲಿಲ್ಲ, ಕೂಗಲಿಲ್ಲ. "ಜೀಪ್ ಬಾಗಿಲಿಗೇ ಬಂದಿತ್ರಿ" ಎಂದಿದ್ದಳು. "ಯಾದಗಿರಿಗೆ ಒಯ್ತೀವಿ ಅಂತ ತಮ್ಮನ್ನ ಎತ್ತಿದ್ರು. ನಾನೇ ಇಳಿಸಿದೆ. ಬಾಕ್ಸ್ ಮಂಜೂರಾಗ್ಯದ, ಬರಾಕತ್ತದ, ಹಾದ್ಯಾಗ ಕುಲುಕಾಡಿಸಬ್ಯಾಡ್ರಿ ಅಂದೆ. ನಾನೇ ಅಂದೆ." ಆ ಕೊನೆಯ ಮಾತನ್ನು ಅವಳು ಬಾಗಿಲು ದಾಟುವವರೆಗೂ ಗುನುಗುತ್ತಲೇ ಹೋಗಿದ್ದಳು.

ಸುಮಂಗಲಾ ಎದ್ದಳು. "ವಿಶ್ವರಾಧ್ಯ, ಸುರಪುರಕ್ಕ ಹೋಗೂಣು ನಡಿ. ವ್ಯಾನಿಗಿ ಊರು ತೋರಿಸೂ ಆ ಆ್ಯಪ್ ಮಾಡಿದಾತನ್ನ ಇನ್ನೊಮ್ಮೆ ನೋಡಬೇಕು."

"ಅಂವ ಹೇಳಿಕಿ ಕೊಟ್ಟಾನಲ್ರಿ, ತನ್ನ ಸಿಸ್ಟಮ್ ತಪ್ಪೇ ಮಾಡಂಗಿಲ್ಲ ಅಂತ."

"ಹೌದು. ತಪ್ಪೇ ಮಾಡದವರನ್ನ ನೋಡಿ ಭಾಳ ದಿನ ಆಗಿತ್ತು."

*

ಠಾಣೆಯ ಜೀಪು ಹೊಳೆ ಬಂದೋಬಸ್ತಿಗೆ ಹೋಗಿತ್ತು. ಮೇಲಿನಿಂದ ನೀರು ಬಿಟ್ಟಿದ್ದರು, ಕೃಷ್ಣೆ ದಂಡೆ ಮೀರಿದ್ದಳು. ಹಾಗಾಗಿ ಸಾದಾ ಸೀರೆಯಲ್ಲೇ ಸುಮಂಗಲಾ ಶಹಾಪುರದ ಬಸ್‌ಸ್ಟ್ಯಾಂಡಿಗೆ ನಡೆದಳು.

ಸುರಪುರದ ಬಸ್ಸು ಒಳಗೆ ತಿರುಗುತ್ತಿದ್ದಂತೆಯೇ ಜನ ಮುತ್ತಿದರು. ನಮ್ಮ ಕಡೆ ಬಸ್ಸು ಹತ್ತುವ ಶಾಸ್ತ್ರ ಹೇಳಿಕೊಡಬೇಕೆ? ಬಾಗಿಲಿಗೆ ಹೋಗುವವನು ದಡ್ಡ. ಜಾಣನಾದವನು ಕಿಟಕಿಗೆ ಹೋಗಿ ಸೀಟಿನ ಮೇಲೆ ದಸ್ತಿ ಒಗೆಯುತ್ತಾನೆ. ಕರವಸ್ತ್ರ ಬಿತ್ತೆಂದರೆ ಸೀಟು ಅವನದು, ಮುಂದೆ ಅವನು ಚಹಾ ಕುಡಿದು ನಿಧಾನಕ್ಕೆ ಹತ್ತಿದರೂ ಸರಿ.

ರುಮಾಲು ಸುತ್ತಿದ ಮುದುಕನೊಬ್ಬ ದಸ್ತಿಯನ್ನು ಕೈಚೀಲಕ್ಕೆ ಗಂಟುಹಾಕಿ ಎರಡನ್ನೂ ಕಿಟಕಿಯೊಳಗೆ ತೂರಿಸಿದ. ಪಕ್ಕದಲ್ಲಿ ಟಂಟಂ ಆಟೋ ನಿಲ್ಲಿಸಿದ್ದವನು "ಬಾ ಯಜಮಾನ, ಒಂದು ಸೀಟದ" ಎಂದು ಕರೆದ. "ನಂದು ಸೀಟ್ ಹಿಡದಾಗ್ಯದ, ನೀ ನಡಿ" ಎಂದ ಮುದುಕ ಗತ್ತಿನಿಂದ ಮಿರ್ಚಿ ಅಂಗಡಿಗೆ ಹೋದ. ಅವನು ಅತ್ತ ತಿರುಗಿದ್ದೇ ತಡ, ಹೆಂಗಸೊಬ್ಬಳು ಅದೇ ಕಿಟಕಿಯಲ್ಲಿ ತನ್ನ ದಸ್ತಿ ಕಟ್ಟಿದ ಬುಟ್ಟಿ ನೂಕಿದಳು. ಒಳಗೆ ಏನಿದೆ ಎಂದು ಅವಳೂ ಇಣುಕಲಿಲ್ಲ. ಬುಟ್ಟಿಯ ಪೆಟ್ಟಿಗೆ ಮುದುಕನ ಚೀಲ ಸೀಟಿನ ಅಡಿಗೆ ಉರುಳಿತು.

ಆಮೇಲೆ ಕೇಳಬೇಕೆ ರಂಪ!

"ಮೊದಲ ಹಾಕಿದಾಂವ ನಾನು!"

"ನಿನ್ನ ಹೆಸರು ಬರದಾರೇನು ಸೀಟಿಗಿ? ಎಲ್ಯದ ನಿನ್ನ ದಸ್ತಿ?"

ಕಂಡಕ್ಟರ್ ಬಂದು ನೋಡಿದ. "ನನಗ ಕಾಣೂದು ಬುಟ್ಟಿ. ಬುಟ್ಟಿಯವ್ರು ಕುಂದರ್ಲಿ" ಎಂದು ಸೀಟಿ ಊದಿದ. ಮುದುಕ ಕಂಬ ಹಿಡಿದು ನಿಂತು ದಾರಿಯುದ್ದಕ್ಕೂ ಗೊಣಗಿದ: "ಇಲ್ಲ ಅಂತ ಗೊತ್ತಾಗಿದ್ರ ಟಂಟಂಗೆ ಹೋಗ್ತಿದ್ನಲ್ಲೋ ಯಪ್ಪಾ." ವಿಶ್ವರಾಧ್ಯ ಹೊಟ್ಟೆ ಹಿಡಿದು ನಕ್ಕ. ಸುಮಂಗಲಾ ಕೂಡ ನಕ್ಕಳು. ಆ ಹೊತ್ತಿಗೆ ಅದು ಬರೀ ನಗುವ ಸಂಗತಿ.

*

ಸುರಪುರದ ಗುಡ್ಡದ ಇಳಿಜಾರಿನಲ್ಲಿ ಹಳೆಯ ಕಲ್ಲಿನ ಮನೆಯೊಂದನ್ನು ಟ್ರಸ್ಟು ಕಚೇರಿ ಮಾಡಿಕೊಂಡಿತ್ತು. ದಪ್ಪ ಗೋಡೆ, ಗೋಡೆಯಲ್ಲಿ ದೀಪ ಇಡುವ ಗೂಡುಗಳು, ಆ ಗೂಡುಗಳಲ್ಲಿ ಈಗ ಚಾರ್ಜರು, ಚಹಾದ ಗ್ಲಾಸು. ಪ್ರವೀಣಕುಮಾರ ಕಂಪ್ಯೂಟರಿನ ಹಿಂದಿನಿಂದ ಎದ್ದ. ಸುರಪುರದವನೇ, ತೆಳ್ಳಗಿನ ಹುಡುಗ, ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ಎಲ್ಲಾ ಹೇಳೀನಲ್ರಿ ಮೇಡಂ. ಮತ್ತೇನು ಉಳದದ್ರಿ?"

"ಇನ್ನೊಮ್ಮೆ ಹೇಳ್ರಿ. ನನ್ನ ತಲಿ ಜರಾ ನಿಧಾನ."

ಅವನು ನಿಟ್ಟುಸಿರಿಟ್ಟು ಗೋಡೆಯ ಗೂಡು ತೋರಿಸಿದ. "ನಮ್ಮ ಡೇಟಾಬೇಸ್ ಈ ಗೂಡು ಇದ್ದಂಗ್ರಿ. ಒಂದೊಂದು ಗೂಡಿಗೆ ಒಂದೊಂದು ಹೆಸರು, ಒಳಗ ಒಂದೇ ಚೀಟಿ. ಕೀ ಅಂದ್ರ ಹೆಸರು, ವ್ಯಾಲ್ಯೂ ಅಂದ್ರ ಚೀಟಿ. ಹೊಸ ಚೀಟಿ ಇಟ್ರ ಹಳೇದು ಹೋತು. ಬಾಕ್ಸಿನ ಗೂಡಿನಾಗ ‘ಯಾರಿಗೆ’ ಅಂತ ಚೀಟಿ. ವನದುರ್ಗದ ಗೂಡಿನಾಗ ‘ಬಾಕ್ಸ್ ಬರಾಕತ್ತದ’ ಅಂತ ಚೀಟಿ. ನರ್ಸ್ ಬಟನ್ ಒತ್ತಿದ್ರ ಎರಡೂ ಚೀಟಿ ಕೂಡೇ ಬೀಳ್ತಾವ. ಇದಕ್ಕ ಅಟಾಮಿಕ್ ಬ್ಯಾಚ್ ಅಂತೀವಿ. ಬಿದ್ರ ಎರಡೂ, ಇಲ್ಲಂದ್ರ ಒಂದೂ ಇಲ್ಲ. ನಟ್ಟನಡುವ ಕರೆಂಟ್ ಹೋದ್ರೂ ಅರ್ಧಂಬರ್ಧ ಆಗಂಗಿಲ್ಲ. ಅದಕ್ಕ ಹೇಳಿದ್ದು ಸಿಸ್ಟಮ್ ತಪ್ಪು ಮಾಡಿಲ್ಲ ಅಂತ."

"ಈಗ ಬಾಕ್ಸಿನ ಗೂಡಿನಾಗ ಏನದ?"

"ಸಗರ."

"ಸಗರದ ಗೂಡಿನಾಗ?"

"ಬಾಕ್ಸ್ ಬರಾಕತ್ತದ ಅಂತ."

"ವನದುರ್ಗದ ಗೂಡಿನಾಗ?"

ಪ್ರವೀಣಕುಮಾರ ತುಟಿ ನೆಕ್ಕಿಕೊಂಡ. "ಅಲ್ಲೂ... ಬಾಕ್ಸ್ ಬರಾಕತ್ತದ ಅಂತದ್ರಿ. ಡ್ರೈವರ್ ಅದನ್ನ ಸಗರಕ್ಕ ಒಯ್ದಾನಲ್ರಿ, ಅದಕ್ಕ ಹಂಗ."

"ಡ್ರೈವರ್ ಬರೀ ನೋಡ್ತಾನ. ಗೂಡಿನಾಗ ಚೀಟಿ ಇಡೂ ಬಟನ್ ಅವನ ಫೋನಿನಾಗ ಅದನೇನು?"

ಪ್ರವೀಣಕುಮಾರ ಇಲ್ಲವೆಂದು ತಲೆಯಾಡಿಸಿದ. ಸುಮಂಗಲಾ ಕುರ್ಚಿ ಹತ್ತಿರಕ್ಕೆ ಎಳೆದಳು.

"ಪರೀಕ್ಷೆ ಮಾಡಾಕ ಅಂತ ಇದರದೇ ಇನ್ನೊಂದು ನಕಲು ಇಟ್ಟಿರ್ತೀರಂತ. ಅದನ್ನ ಈ ಎರಡು ಫೋನಿನಾಗ ಹಾಕು." ‘ರಿ’ ಬಿದ್ದುಹೋದದ್ದು ಇಬ್ಬರಿಗೂ ತಿಳಿಯಿತು.

ಹಾಕಿದ. ಒಂದು ಫೋನನ್ನು ವಿಶ್ವರಾಧ್ಯನ ಕೈಗೆ ಕೊಟ್ಟು ಅಂಗಳಕ್ಕೆ ಕಳಿಸಿದಳು. "ನೀ ವನದುರ್ಗ. ನಾ ಇಲ್ಲೇ ಕುಂತು ಸಗರ. ಇಬ್ಬರೂ ತೆರದು ನೋಡೂಣು. ಏನಂತದ?"

"‘ಲಭ್ಯವಿದೆ’ ಅಂತದ್ರಿ ಮೇಡಂ!" ಎಂದು ಹೊರಗಿನಿಂದ ಕೂಗು ಬಂತು.

"ನಂದೂ ಹಂಗ ಅಂತದ. ನೀ ಒತ್ತು."

"ಒತ್ತಿದೆ. ‘ಮಂಜೂರಾಗಿದೆ’ ಅಂತು!"

ಬಾಕ್ಸ್ ಹೋಗಿಯಾಗಿತ್ತು. ಆದರೂ ಸುಮಂಗಲಾಳ ಕೈಯಲ್ಲಿದ್ದ ಫೋನು ಮೊದಲು ತೋರಿಸಿದ ‘ಲಭ್ಯವಿದೆ’ಯನ್ನೇ ತೋರಿಸುತ್ತಿತ್ತು. ಅವಳು ಒಂದು ಗಳಿಗೆ ತಡೆದಳು. ಆ ದಿನ ಸಗರದ ನರ್ಸು ಹೀಗೇ ಆ್ಯಪ್ ತೆರೆದಿಟ್ಟು ಸಾಯಬಮ್ಮನ ಕಾಲು ನೋಡಲು ಒಳಗೆ ಹೋಗಿರಬೇಕು, ಬಂದು ಒತ್ತಿರಬೇಕು. ಸುಮಂಗಲಾ ಒತ್ತಿದಳು.

‘ಮಂಜೂರಾಗಿದೆ.’

ಕಂಪ್ಯೂಟರಿನಲ್ಲಿ ಬಾಕ್ಸಿನ ಎದುರಿಗೆ ವನದುರ್ಗ ಎಂದಿದ್ದದ್ದು ಅವರ ಕಣ್ಣ ಮುಂದೆಯೇ ಸಗರವಾಯಿತು. ಖಾಜಾಹುಸೇನ ಬೆಳಗಿನಿಂದ ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ. ಅಂಗಳದಲ್ಲಿ ವಿಶ್ವರಾಧ್ಯ ತನ್ನ ಫೋನು ಎತ್ತಿ ತೋರಿಸುತ್ತ ನಿಂತಿದ್ದ. ಅದರಲ್ಲಿ ಇನ್ನೂ ‘ಮಂಜೂರಾಗಿದೆ’ ಎಂದೇ ಇತ್ತು.

"ದಸ್ತಿ" ಎಂದಳು ಸುಮಂಗಲಾ.

"ಏನ್ರಿ?"

"ಬಸ್ಸಿನ ಕಿಟಕ್ಯಾಗ ದಸ್ತಿ ಒಗದಂಗ. ಚೀಲ, ದಸ್ತಿ ಎರಡೂ ಕೂಡೇ ಬೀಳ್ತಾವ, ಖರೆ. ಅರ್ಧಂಬರ್ಧ ಆಗಂಗಿಲ್ಲ. ಆದ್ರ ಅಲ್ಲಿ ಆಗಲೇ ಇನ್ನೊಬ್ಬರ ದಸ್ತಿ ಅದ ಅಂತ ಒಗಿಯಾಂವ ನೋಡೂದೇ ಇಲ್ಲ. ಮೊದಲಿನಾಂವ ಮಿರ್ಚಿ ತಿನ್ಕೋತ, ನಂದು ಸೀಟ್ ಅದ ಅಂತ ಟಂಟಂ ಬಿಟ್ಟು ಕುಂತಿರ್ತಾನ." ಅವಳು ಫೋನು ಮೇಜಿನ ಮೇಲಿಟ್ಟಳು. "ದೇವಿಂದ್ರ ಜೀಪ್ ಬಿಟ್ಟು ಮಲಗಿದ್ದ."

ಪ್ರವೀಣಕುಮಾರ ಕೂತಲ್ಲೇ ಕುಗ್ಗಿದ. ಹುಡುಗ ಕೆಟ್ಟವನಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಅದೇ ಸುಮಂಗಲಾಗೆ ಇನ್ನಷ್ಟು ಸಿಟ್ಟು ತಂದಿತು. ಕೆಟ್ಟವನಾಗಿದ್ದರೆ ಕಪಾಳಕ್ಕೆ ಬಿಟ್ಟು ಎಳೆದೊಯ್ಯಬಹುದಿತ್ತು.

"ನೋಡಿ ಒಗಿಯೋ ದಾರಿ ಇಲ್ಲೇನು ನಿನ್ನ ವಿದ್ಯಾದಾಗ?"

"ಅದ್ರಿ." ಅವನ ದನಿ ಕೇಳಿಸದಷ್ಟು ಸಣ್ಣಗಾಯಿತು. "ಟ್ರಾನ್ಸಾಕ್ಷನ್ ಅಂತಾರ. ಮೊದಲ ಗೂಡು ನೋಡೂದು, ಖಾಲಿ ಇದ್ರ ಚೀಟಿ ಇಡೂದು. ಇಡೂ ಹೊತ್ತಿಗೆ, ನಾ ನೋಡಿದ ಮ್ಯಾಲ ಯಾರರ ಕೈ ಹಾಕಿದ್ರೇನು ಅಂತ ಇನ್ನೊಮ್ಮೆ ತಾಳೆ ನೋಡ್ತದ. ಹಾಕಿದ್ರ ಎಲ್ಲಾ ರದ್ದು. ‘ಮತ್ತೆ ಪ್ರಯತ್ನಿಸಿ’ ಅಂತದ. ಆವಾಗ ಮತ್ತ ತೆರದು ನೋಡಿದ್ರ ‘ಬಾಕ್ಸ್ ಇಲ್ಲ’ ಅಂತ ಕಾಣ್ತದ."

"ಅದನ್ನ ಯಾಕ ಮಾಡಲಿಲ್ಲ?"

"ಮಾಡಿದ್ದೆ. ಮೊದಲ ಅದೇ ಇತ್ತು."

ಇದು ಹೊಸ ಸುದ್ದಿ. ಇದ್ದದ್ದನ್ನು ಯಾರೋ ತೆಗೆಸಿದ್ದಾರೆ. ಹಾಗಿದ್ದರೆ ಅಪರಾಧಿ ಅವನೇ. ಖಾಜಾಹುಸೇನನ ಹೆಂಡತಿ ಬುತ್ತಿ ಬಿಚ್ಚಬಹುದು. ವಾರಗಟ್ಟಲೆ ಕತ್ತಲಲ್ಲಿ ತಡಕಿದವಳಿಗೆ ಬಾಗಿಲ ಚಿಲಕ ಸಿಕ್ಕಹಾಗಾಯಿತು.

"ಯಾರು ತೆಗೆಸಿದ್ರು?"

"ಅಧ್ಯಕ್ಷರು ತೆಗಿ ಅಂದ್ರು, ತೆಗದೆ."

"ಎತ್ತು ಈಯ್ತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತು. ಅಧ್ಯಕ್ಷರಿಗೆ ಕನಸು ಬಿದ್ದಿತ್ತೇನು?"

"ಇಲ್ರಿ. ಮೀಟಿಂಗಿನಾಗ ನರ್ಸ್ ಒಬ್ಬರು ಎದ್ದು ಕೇಳಿದ್ರು."

"ಹೆಸರು?"

ಅವನು ತಲೆ ಎತ್ತಲಿಲ್ಲ. "ನಾ ಹೇಳಂಗಿಲ್ರಿ ಮೇಡಂ. ನನ್ನನ್ನೇ ಒಳಗ ಹಾಕ್ರಿ."

"ಪ್ರವೀಣಕುಮಾರ, ಒಬ್ಬಾಂವ ಆಗಲೇ ಒಳಗ ಕುಂತಾನ. ಏನೂ ಮಾಡದಾಂವ. ಸಂಜಿಗಿ ಅವನನ್ನ ನಾನೇ ಕೋರ್ಟಿಗಿ ಒಯ್ಯಬೇಕು. ಹೆಸರು ಹೇಳು."

ಅವನು ಬೆರಳು ಹಿಸುಕಿಕೊಳ್ಳುತ್ತ ಕೊನೆಗೆ ಹೇಳಿದ.

"ವನದುರ್ಗದ ರೇಣುಕಾದೇವಿ ಅಕ್ಕೋರು."

ವಿಶ್ವರಾಧ್ಯ ಬಾಗಿಲಲ್ಲೇ ನಿಂತುಬಿಟ್ಟ.

"ಮಳಿಗಿ ಅಲ್ಲಿನ ಟವರ್ ಕೆಟ್ಟದ್ರಿ. ಊರಾಗ ಯಾರ ಫೋನೂ ಹತ್ತಂಗಿಲ್ಲ. ಹಳೇ ಕೋಟೆ ಬುರುಜಿನ ಮ್ಯಾಲ ಹತ್ತಿದ್ರ ಎರಡು ಕಡ್ಡಿ ಸಿಗ್ನಲ್ ಬರ್ತದ, ಹೋಗ್ತದ. ಟ್ರಾನ್ಸಾಕ್ಷನ್ ಅಂದ್ರ ಹೋಗಿ ನೋಡಿ ಬಂದು ಮತ್ತ ಹೋಗಬೇಕಲ್ರಿ, ಅಷ್ಟರಾಗ ಸಿಗ್ನಲ್ ಹೋಗಿ ರದ್ದಾಗೂದು. ಅಕ್ಕೋರು ಮೀಟಿಂಗಿನಾಗ ಮೊಣಕಾಲು ತೋರಿಸಿದ್ರು, ಪೂರಾ ತರಚಿತ್ತು. ‘ಕೆಳಗ ರೋಗಿ ಒಬ್ಬಾಂವ ಒದ್ದಾಡಾಕತ್ತಿರ್ತಾನ, ನಾ ಬುರುಜಿನ ಮ್ಯಾಲ ಫೋನ್ ಎತ್ತಿ ಹಿಡದು ಮತ್ತೆ ಪ್ರಯತ್ನಿಸಿ, ಮತ್ತೆ ಪ್ರಯತ್ನಿಸಿ ಅಂತ ಓದ್ಕೋತ ನಿಂತಿರಬೇಕೇನ್ರಿ? ಒಮ್ಮೆ ಒತ್ತಿದ್ರ ಆಗಬೇಕು’ ಅಂದ್ರು. ಎಲ್ಲಾ ನರ್ಸ್‌ಗಳೂ ಚಪ್ಪಾಳಿ ಹೊಡದ್ರು. ಬ್ಯಾಚ್ ಮಾಡಿದ್ರ ಒಂದೇ ಸಲ ಕಳಿಸಿದ್ರಾತು, ತಾಳೆ ನೋಡೂ ರಗಳಿ ಇಲ್ಲ. ಮಾಡಿಕೊಟ್ಟೆ. ಅಕ್ಕೋರು ನನಗ ಶೇಂಗಾ ಹೋಳಗಿ ಮಾಡಿ ಕಳಿಸಿದ್ರು."

"ತಾಳೆ ಹೋದ್ರ ಏನು ಹೋಗ್ತದ ಅಂತ ಅವರಿಗೆ ಹೇಳಿದ್ದೇನು?"

"ಇಲ್ರಿ."

"ನಿನಗರ ಗೊತ್ತಿತ್ತೇನು?"

ಅವನ ಕಣ್ಣು ತುಂಬಿ ಬಂತು. "ಗೊತ್ತಿತ್ರಿ. ಆದ್ರ ಒಂದೇ ಬಾಕ್ಸ್ ಉಳದಾಗ, ಒಂದೇ ಹೊತ್ತಿಗೆ, ಎರಡು ಊರಾಗ ಹಾವು ಕಡಿತದ ಅಂತ ಯಾರು ಅನ್ಕೋತಾರ್ರಿ ಮೇಡಂ?"

ಸುಮಂಗಲಾ ಕಿಟಕಿಯ ಹೊರಗೆ ನೋಡಿದಳು. ‘ನಾನೇ ಅಂದೆ’ ಎಂದು ಗುನುಗುತ್ತ ಹೋದ ಆ ಹೆಣ್ಣುಮಗಳ ಮುಂದೆ ಹೋಗಿ ಏನೆಂದು ಹೇಳುವುದು? ತಂಗೀ, ನೀ ಕೇಳಿದ್ದನ್ನೇ ಕೊಟ್ಟಿದ್ದರು, ಅದರಿಂದಲೇ ನಿನ್ನ ತಮ್ಮ ಹೋದ ಎನ್ನುವುದೇ? ಹೇಳದಿದ್ದರೆ ಖಾಜಾಹುಸೇನ ಹೊರಬರುವುದಿಲ್ಲ. ಹೇಳಿದರೆ ಅವಳು ಉಳಿಯುವುದಿಲ್ಲ.

ಮರುಕ್ಷಣ ಇನ್ನೊಂದು ಮಾತು ಹೊಳೆದು ಅವಳು ಗಕ್ಕನೆ ತಿರುಗಿದಳು. "ಈಗ? ಈಗ ಹಳೇದನ್ನ ಹಾಕೀಯೇನು?"

"ಇಲ್ರಿ."

"ಅಂದ್ರ ಇವತ್ತೂ ಅದೇ ನಡದದ? ಈ ಹೊತ್ತಿಗೂ?"

"ನಡದದ್ರಿ. ನಿನ್ನೆ ಒಂದು ಬಾಕ್ಸ್ ಬಂದದ. ವ್ಯಾನಿನಾಗ ಅದ. ಮುಜಫರ ಓಡಸಾಕತ್ತಾನ."

"ತಗದು ಹಾಕು! ಈಗಿಂದೀಗ!"

ಪ್ರವೀಣಕುಮಾರ ಬಾಗಿಲ ಹಿಂದಿನ ಗೋಡೆ ತೋರಿಸಿದ. ಅಲ್ಲೊಂದು ಕಾಗದ ಅಂಟಿಸಿದ್ದರು. ತನಿಖೆ ಮುಗಿಯುವವರೆಗೆ ಈ ವ್ಯವಸ್ಥೆಯಲ್ಲಿ ಯಾವುದನ್ನೂ ಬದಲಿಸಕೂಡದು, ಬದಲಿಸಿದರೆ ಸಾಕ್ಷ್ಯನಾಶದ ಅಪರಾಧ. ಕೆಳಗೆ ಠಾಣೆಯ ಮೊಹರು, ಅದರ ಮೇಲೆ ಸುಮಂಗಲಾಳದೇ ಸಹಿ.

"ನಾ ಹಾಕಾಕ ಹೋಗಿದ್ದೆ. ಅಧ್ಯಕ್ಷರು ಅದನ್ನ ತೋರಿಸಿ ನನ್ನ ಪಾಸ್‌ವರ್ಡ್ ತಗೊಂಡು ಕಲಬುರಗಿ ವಕೀಲರ ಕೈಯಾಗ ಕೊಟ್ಟಾರ್ರಿ. ಆ್ಯಪ್ ಬಂದ್ ಮಾಡಾಕೂ ಬರಂಗಿಲ್ಲ."

ಯಾರನ್ನು ಬೈಯುವುದು? ಸಹಿ ಹಾಕಿದ ಕೈ ಅವಳ ಮಡಿಲಲ್ಲೇ ಇತ್ತು. ಅಧ್ಯಕ್ಷರಿಗೆ ಫೋನು ಹಚ್ಚಿದಳು. "ವಕೀಲರು ಊಟಕ್ಕ ಹೋಗ್ಯಾರ್ರಿ, ಕೇಳಿ ಹೇಳ್ತೀನಿ" ಎಂದರು. ಸಿಪಿಐ ಸಾಹೇಬರಿಗೆ ಹಚ್ಚಿದಳು. ಅವರು ಪೂರ್ತಿ ಕೇಳಿಸಿಕೊಂಡರು, ಅದೊಂದು ಪುಣ್ಯ.

"ಏನ್ರಿ ಸುಮಂಗಲಾ, ಕೋರ್ಟಿನಾಗ ದಸ್ತಿ ಕತಿ ಹೇಳ್ತೀರೇನು? ನೋಟಿಸ್ ಹಿಂದಕ್ಕ ತಗೋಬೇಕಂದ್ರ ಕಾಗದ ಬರದು ಕಳಿಸ್ರಿ, ನೋಡೂಣು. ಸಂಜಿಗಿ ಡ್ರೈವರನ್ನ ಹಾಜರ್ ಮಾಡ್ರಿ."

"ಸರ್, ಅಂವ ನಿರಪರಾಧಿ ಅದಾನ."

"ಅದಕ್ಕ ಪುರಾವೆ?"

"ನಾ ಕಣ್ಣಾರೆ ನೋಡೀನಿ ಸರ್, ಇಲ್ಲೇ ಮಾಡಿ ನೋಡೀನಿ."

"ನಕಲಿನಾಗ ನೋಡೀರಿ. ಖರೇದ್ರಾಗ ಇನ್ನೊಮ್ಮೆ ಹಂಗ ಆಗಿ ತೋರಿಸಿದ್ರ ಆವಾಗ ಹೇಳ್ರಿ." ಫೋನು ಇಟ್ಟರು.

ಸುಮಂಗಲಾ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡಳು. ನೋಟಿಸು ವಾಪಸು ಪಡೆಯುವ ಅರ್ಜಿಯ ಮೊದಲ ಸಾಲು ಬರೆಯುತ್ತಿದ್ದಂತೆ ಅವಳ ಫೋನು ರಿಂಗಾಯಿತು. ಗುರುತಿಲ್ಲದ ನಂಬರು.

"ಮೇಡಂ, ನಾ ಮುಜಫರ ಮಾತಾಡ್ತೀನ್ರಿ. ಟ್ರಸ್ಟಿನ ವ್ಯಾನ್ ಓಡಸಾಂವ. ಖಾಜಾಭಾಯಿ ಹೆಂಡ್ತಿ ಕಡಿಂದ ನಿಮ್ಮ ನಂಬರ್ ತಗೊಂಡೆ." ಏದುಸಿರು. ಹಿಂದೆ ಇಂಜಿನ್ ಗುಡುಗುಡು ಎನ್ನುತ್ತಿತ್ತು. "ಕ್ರಾಸಿನಾಗ ನಿಂತೀನ್ರಿ. ಹೆಸರು ಬದಲಾತ್ರಿ."

ಸುಮಂಗಲಾಳ ಕೈಯಲ್ಲಿದ್ದ ಪೆನ್ನು ನಿಂತಿತು. ಅವಳು ಸ್ಪೀಕರ್ ಒತ್ತಿದಳು.

"ಬಿಡಿಸಿ ಹೇಳು."

"ಮೊದಲ ವನದುರ್ಗ ಅಂತ ಬಂತ್ರಿ. ಅಲ್ಲಿ ಒಬ್ಬ ಹೆಣ್ಮಗಳಿಗಿ ಹಾವು ಕಡದದ. ಅಕ್ಕೋರು ಬುರುಜಿನ ಮ್ಯಾಲಿಂದ ನನಗ ಫೋನೂ ಮಾಡಿದ್ರು. ಮಂಜೂರಾಗ್ಯದ, ಜೀಪ್ ಹಿಂದಕ್ಕ ಕಳಿಸೀನಿ, ಈ ಸಲ ಎಲ್ಲೂ ತಿರುಗಬ್ಯಾಡಪಾ ಅಂದ್ರು. ಕ್ರಾಸಿಗಿ ಬಂದೆ, ಟಿಣ್ ಅಂತು. ನೋಡಿದ್ರ ಹೊಳಿ ದಂಡಿ ದವಾಖಾನಿ ಅಂತದ. ಅವರಿಗಿ ಫೋನ್ ಹಚ್ಚಿ ಕೇಳಿದೆ. ಅಲ್ಲಿ ಮೀನು ಹಿಡಿಯೋ ತಿರುಪತಿ ಮಗಳಿಗಿ ಕಡದದಂತ. ಅವರಿಗೂ ಮಂಜೂರಾಗ್ಯದಂತ."

ಪ್ರವೀಣಕುಮಾರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಹೊಳಿ ದಂಡಿಯವ್ರಿಗಿ ಹೇಳು, ಬಾಕ್ಸ್ ಬರಂಗಿಲ್ಲ, ಯಾವುದರ ಗಾಡಿ ಹಿಡದು ದೊಡ್ಡ ದವಾಖಾನಿಗಿ..."

"ಹೇಳಿದೆನ್ರಿ! ಹೊಳಿ ಏರಿ ಅವರ ಹಾದಿ ಮುಳುಗ್ಯದ. ಗಾಡಿ ಈ ಕಡಿ ಬರಂಗಿಲ್ಲ. ತೆಪ್ಪದಾಗ ಹುಡುಗಿನ್ನ ಹಾಕಿದ್ರ ಹಾದ್ಯಾಗೇ ಹೋಗ್ತಾಳ ಅಂತಾರ. ಬಾಕ್ಸ್ ಒಂದು ದಂಡಿಗೆ ಮುಟ್ಟಿಸು, ಈಜಿ ಬಂದು ಒಯ್ತೀವಿ ಅಂತ ತಿರುಪತಿ ಅಳಾಕತ್ತಾನ."

"ಅರ್ಧರ್ಧ ಹಂಚಿದ್ರ?" ಎಂದ ವಿಶ್ವರಾಧ್ಯ.

"ಒಂದು ಬಾಕ್ಸ್ ಅಂದ್ರ ಒಬ್ಬರ ಔಷಧ" ಎಂದು ಪ್ರವೀಣಕುಮಾರ ಕೈಗಳ ಸಂದಿಯಿಂದ ಹೇಳಿದ. "ಹಂಚಿದ್ರ ಇಬ್ಬರಿಗೂ ಸಾಲಂಗಿಲ್ಲ."

"ವನದುರ್ಗಕ್ಕ ಹಚ್ಚು, ವಿಶ್ವರಾಧ್ಯ! ಜೀಪ್ ಮತ್ತ ಕರೀರಿ ಅಂತ ಹೇಳು, ಅಷ್ಟೇ ಹೇಳಿದ್ರ ಸಾಕು!"

ವಿಶ್ವರಾಧ್ಯ ಆಗಲೇ ಹಚ್ಚುತ್ತಿದ್ದ. ರೇಣುಕಾದೇವಿ ಬುರುಜಿನಿಂದ ಇಳಿದು ರೋಗಿಯ ಬಳಿ ಕೂತಿರಬೇಕು, ಬರುತ್ತದೆ, ಬರುತ್ತದೆ ಎಂದು ಧೈರ್ಯ ಹೇಳುತ್ತ. ವನದುರ್ಗದವರಿಗೆ ಹಾದಿ ಇತ್ತು, ಹೇಳುವ ಬಗೆ ಇರಲಿಲ್ಲ. ಹೊಳೆ ದಂಡೆಯವರಿಗೆ ಹೇಳಿಯಾಗಿತ್ತು, ಅವರಿಗೆ ಹಾದಿ ಇರಲಿಲ್ಲ. ಸಿಪಿಐ ಸಾಹೇಬರು ಕೇಳಿದ ಪುರಾವೆ ಕ್ರಾಸಿನಲ್ಲಿ ಇಂಜಿನ್ ಬಂದ್ ಮಾಡದೆ ನಿಂತಿತ್ತು. ಬೇಡವಾಗಿತ್ತು ದೇವರೇ, ಈ ಪುರಾವೆ ಬೇಡವಾಗಿತ್ತು ಎಂದು ಸುಮಂಗಲಾ ಒಳಗೊಳಗೇ ಗೋಳಾಡಿದಳು.

"ಮೇಡಂ." ಮುಜಫರನ ದನಿ ಒಡೆದಿತ್ತು. "ಖಾಜಾಭಾಯಿ ಸ್ಕ್ರೀನ್ ನೋಡಿ ಹೋದ. ನೀವು ಒಳಗ ಹಾಕಿದ್ರಿ. ನಾ ಸ್ಕ್ರೀನ್ ನೋಡಂಗಿಲ್ರಿ. ಅದನ್ನ ಆರಿಸಿ ಸೀಟಿನ ಕೆಳಗ ಒಗದೀನಿ. ನೀವು ಹೇಳಿದ ಕಡಿ ಹೋಗ್ತೀನಿ. ಬಲಕ್ಕ ವನದುರ್ಗಕ್ಕೋ, ಎಡಕ್ಕ ಹೊಳಿಗೋ?"

ವಿಶ್ವರಾಧ್ಯ ತನ್ನ ಫೋನನ್ನು ಕಿವಿಯಿಂದ ತೆಗೆದು ಅವಳತ್ತ ಚಾಚಿದ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ ಎಂದು ಅದು ಹೇಳುತ್ತಿತ್ತು.

"ಮೇಡಂ, ಹೇಳ್ರಿ. ಎಲ್ಲಿಗಿ ಹೋಗ್ಲಿ?"